ಇಪ್ಪತ್ತೊಂದಕ್ಕೆ ತಡವರಿಸುತ್ತಿದ್ದ ಕೈ

(ಹೆಸರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದ ಮಂಜುಗೆ 21 ವರ್ಷ. ಪಿಯುಸಿ ಸೈನ್ಸ್ ಮುಗಿಸಿ ಇಎಂಟಿ (ಆಂಬ್ಯುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರು) ತರಬೇತಿಗೆ ಸೇರಿದ್ದ. ಥಿಯರಿಯಲ್ಲಿ ಒಳ್ಳೆ ಮಾರ್ಕ್ಸ್. ಪ್ರಾಕ್ಟಿಕಲ್‌ನಲ್ಲಿ ಬೊಂಬೆಯ ಮೇಲೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವುದು) ಬಂದಾಗ ಫೇಲ್, ಅದೂ ಎರಡು ಸಲ. ಮನೆಯಲ್ಲಿ ಮಾತ್ರ "ಪಾಸಾಯ್ತು, ಸರ್ಟಿಫಿಕೇಟ್ ಬರೋದು ಲೇಟು" ಎಂದು ಹೇಳಿ ಮೂರು ವಾರವಾಗಿತ್ತು.

"ಬೊಂಬೆ ಮುಂದೆ ಕೂತ ತಕ್ಷಣ ಅಪ್ಪ ಕಾಣಿಸ್ತಾರೆ ಮೇಡಂ."

ಅಪ್ಪ ತೀರಿಕೊಂಡಾಗ ಅವನು ಎಸ್ಸೆಸ್ಸೆಲ್ಸಿ. ಎದೆನೋವು ಎಂದವರನ್ನು ಆಟೋದಲ್ಲಿ ಮಲಗಿಸಿಕೊಂಡು ಹೊರಟಿದ್ದರು. ತಲೆ ಇವನ ತೊಡೆ ಮೇಲಿತ್ತು. ಅರ್ಧ ದಾರಿಯಲ್ಲಿ ಉಸಿರು ನಿಂತಿತು. ಇವನು ನೀರು ಕುಡಿಸಲು ನೋಡಿದ. 108 ನಮ್ಮ ರಾಜ್ಯದಲ್ಲಿ 2008ರಿಂದ ಓಡುತ್ತಿದೆ. ಆ ರಾತ್ರಿ ಯಾರಿಗೂ ಅದು ಹೊಳೆಯಲಿಲ್ಲ. ತರಬೇತಿಯಲ್ಲಿ ಒಂದೊಂದೇ ಕಲಿತಂತೆ ಇವನ ಸಂಕಟ ಜಾಸ್ತಿಯಾಯಿತು. "ಇಷ್ಟೇ ಇತ್ತಲ್ಲ, ನಾನು ಮಾಡಲಿಲ್ವಲ್ಲ."

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಕುರ್ಚಿಯ ಕುಶನ್ ನೆಲಕ್ಕೆ ಹಾಕಿ "ಮಾಡಿ ತೋರಿಸು" ಎಂದೆ. (ನಾನೂ ಬಿಎಲ್‌ಎಸ್, ಅಂದರೆ ಜೀವ ಉಳಿಸುವ ಮೂಲ ತರಬೇತಿ, ಕಲಿತಿದ್ದೇನೆ. ಇಲ್ಲದಿದ್ದರೆ ಈ ಧೈರ್ಯ ಮಾಡುತ್ತಿರಲಿಲ್ಲ.) ಭುಜ ತಟ್ಟಿ ಕರೆದ, ಕತ್ತಿನ ನಾಡಿ ನೋಡಿದ, ಒತ್ತಲು ಶುರುಮಾಡಿದ. ಇಪ್ಪತ್ತರವರೆಗೆ ಚೆಂದ. ಆಮೇಲೆ "ಇಪ್ಪತ್ತೊಂದು, ಇಪ್ಪತ್ತೆರಡು" ಎನ್ನುತ್ತಾ ಕೈ ತಡವರಿಸಿತು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಅಂದರೆ ಒಂದು ಸುತ್ತಿನ 30 ಸಲಕ್ಕೆ 15ರಿಂದ 18 ಸೆಕೆಂಡು. ಇವನಿಗೆ 24 ಆಯಿತು. ಇಪ್ಪತ್ತು ದಾಟಿದರೆ ನಮ್ಮ ಎಣಿಕೆ ಉದ್ದ ಅಲ್ವಾ, ನಾಲಿಗೆ ಮುಗಿಸಲಿ ಎಂದು ಕೈ ಕಾಯುತ್ತಿತ್ತು! ಕೈ ನಿಧಾನವಾದ ಕೂಡಲೇ ಹೆದರಿಕೆ, ಅದರ ಬೆನ್ನಿಗೇ ಅಪ್ಪ.

"ಒಂದರಿಂದ ಹತ್ತು, ಮೂರು ಸಲ ಎಣಿಸು" ಎಂದೆ. 17 ಸೆಕೆಂಡಿಗೆ ಮುಗಿಯಿತು. ಅವನಿಗೇ ನಗು ಬಂತು.

ಹಾಗಂತ ಎಲ್ಲವೂ ಎಣಿಕೆಯ ತೊಂದರೆಯಲ್ಲ. ಅವನಿಗೆ ನಾನು ಹೇಳಿದ್ದು ಇದು: ಆಟೋದಲ್ಲಿ ಕೂತಿದ್ದ ಹುಡುಗನಿಗೆ ಈಗಿನ ಇಎಂಟಿ ಪರೀಕ್ಷೆ ಇಡಬೇಡ, ಅವನಿಗೆ ಯಾರೂ ಏನೂ ಕಲಿಸಿರಲಿಲ್ಲ. ಸರಿಯಾಗಿ ಒತ್ತಿದರೂ ಎಲ್ಲರೂ ಉಳಿಯುವುದಿಲ್ಲ, ಇದನ್ನು ಕೆಲಸಕ್ಕೆ ಸೇರುವ ಮೊದಲೇ ತಿಳಿದಿರು. ಬಿಎಲ್‌ಎಸ್ ಕಾರ್ಡಿಗೆ ಎರಡೇ ವರ್ಷ ಆಯಸ್ಸು. ಹಳೆಯ ಕೈಗಳೂ ಮತ್ತೆ ಬೊಂಬೆ ಮುಂದೆ ಕೂರುತ್ತವೆ, ಹಾಗಾಗಿ ಮರುಪರೀಕ್ಷೆ ಅವಮಾನವಲ್ಲ. ಟ್ರೈನರ್‌ಗೆ ಅಪ್ಪನ ವಿಷಯ ಹೇಳು. ಆಂಬ್ಯುಲೆನ್ಸ್‌ನಲ್ಲಿ ನೀನೊಬ್ಬನೇ ಇರುವುದಿಲ್ಲ, ಪೈಲಟ್ (ಡ್ರೈವರ್) ಇರುತ್ತಾರೆ, ಫೋನಿನಲ್ಲಿ ಡಾಕ್ಟರ್ ಸಿಗುತ್ತಾರೆ. ಕ್ಯಾಶುವಾಲ್ಟಿ ಪೋಸ್ಟಿಂಗ್ ಮಾಡುವಾಗ ನಿದ್ದೆ ಕೆಟ್ಟರೆ, ಆ ರಾತ್ರಿಯೇ ಪದೇಪದೇ ಕಣ್ಣಿಗೆ ಬಂದರೆ, ತಡಮಾಡದೆ ಬಾ. ಆಗ ಬೇರೆ ಚಿಕಿತ್ಸೆ ನೋಡೋಣ.

ಕೊನೆಯದನ್ನು ಅವನು ಒಪ್ಪಲು ಜಾಸ್ತಿ ಹೊತ್ತು ಹಿಡಿಯಿತು. ಅಮ್ಮನಿಗೆ ನಿಜ ಹೇಳಬೇಕು.

ಎರಡು ವಾರದ ನಂತರ ಬಂದ. ಮರುಪರೀಕ್ಷೆಯ ದಿನ ಇನ್ನೂ ಗೊತ್ತಾಗಿರಲಿಲ್ಲ.

"ಅಮ್ಮನಿಗೆ ಹೇಳಿದ್ಯಾ?"

"ಹೇಳಿದೆ ಮೇಡಂ. ಅತ್ತರು. ಈಗ ದಿಂಬಿನ ಹತ್ತಿಯೆಲ್ಲ ಗಂಟು ಕಟ್ಟಿಸಿದ್ದೀಯ ಅಂತ ದಿನಾ ಬೈತಾರೆ."