ಹೃದಯದಲ್ಲಿರುವ ವಿಗ್ರಹವನ್ನು ಗುರುತಿಸುವುದು ಹೇಗೆ, ಬಿಡುವುದು ಹೇಗೆ?

ಪ್ರಾರ್ಥನೆ, ಸಭೆ ಎರಡನ್ನೂ ತಪ್ಪಿಸುವುದಿಲ್ಲ, ಆದರೂ ಕೆಲಸ ಮತ್ತು ಮಕ್ಕಳ ಭವಿಷ್ಯ ಮನಸ್ಸನ್ನು ಪೂರ್ತಿ ಆಳುತ್ತಿವೆ, ಇವು ವಿಗ್ರಹಗಳೇ, ಅಂದರೆ ದೇವರ ಸ್ಥಾನ ಹಿಡಿದವುಗಳೇ ಎಂದು ಕೇಳಿದ್ದೀರಿ.

ಯೆಹೆಜ್ಕೇಲ 14ನೇ ಅಧ್ಯಾಯವನ್ನು ಒಮ್ಮೆ ಓದಿ. ಪ್ರವಾದಿಯ ಮುಂದೆ ಬಂದು ಕೂತವರು ಇಸ್ರಾಯೇಲಿನ ಹಿರಿಯರು, ದೇವರ ಮಾತು ಕೇಳಲೆಂದೇ ಬಂದವರು. ಇವರು ವಿಗ್ರಹಗಳನ್ನು ಹೃದಯದಲ್ಲಿ ಇಟ್ಟುಕೊಂಡಿದ್ದಾರೆ ಎಂದು ದೇವರು ಹೇಳುವುದು ಅಂಥವರ ಬಗ್ಗೆಯೇ. ಹಾಗಾಗಿ ಸಭೆಗೆ ತಪ್ಪದೆ ಹೋಗುವುದೊಂದನ್ನೇ ವಿಗ್ರಹ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿ. ವಿಗ್ರಹದ ಸಾಕ್ಷಿ ಬೇರೆ ಕಡೆ ಸಿಗುತ್ತದೆ: ಕೋಪದಲ್ಲಿ, ಭಯದಲ್ಲಿ, ಸುಳ್ಳಿನಲ್ಲಿ.

ಒಂದು ವಾರ ಒಂದು ಪುಸ್ತಕ ಇಟ್ಟುಕೊಳ್ಳಿ. ದಿನದ ಕೊನೆಗೆ ಹತ್ತು ನಿಮಿಷ ಸಾಕು. ನನ್ನ ಹೃದಯವನ್ನು ಪರೀಕ್ಷಿಸು ಎಂದು ದೇವರನ್ನು ಬೇಡುವ ಕೀರ್ತನೆ 139:23-24ನ್ನು ಪ್ರಾರ್ಥನೆಯಾಗಿ ಹೇಳಿ, ಇಂದು ಯಾವುದಕ್ಕೆ ಅಳತೆ ಮೀರಿ ಸಿಟ್ಟು ಬಂತು, ಏನನ್ನು ಕಳೆದುಕೊಳ್ಳುವ ಹೆದರಿಕೆ ಕಾಡಿತು, ಯಾವುದನ್ನು ಉಳಿಸಿಕೊಳ್ಳಲು ಸತ್ಯವನ್ನು ಸ್ವಲ್ಪ ತಿರುಚಿದೆ ಎಂದು ಬರೆಯಿರಿ. ಆಮೇಲೆ ಪ್ರತಿಯೊಂದರ ಕೆಳಗೂ ‘ಅದು ಸಿಗದಿದ್ದರೆ ಏನಾಗುತ್ತದೆ?’ ಎಂದು ಮೂರು ಸಲ ಕೇಳಿಕೊಳ್ಳಿ. ಬಡ್ತಿ ತಪ್ಪಿದರೆ? ಜನ ಹಗುರವಾಗಿ ಕಾಣುತ್ತಾರೆ. ಕಂಡರೆ? ನಾನು ಸೋತವನಾಗುತ್ತೇನೆ. ಸೋತರೆ? ನನಗೆ ಬೆಲೆಯೇ ಇಲ್ಲ. ಕೆಲಸ ಇಲ್ಲಿ ಬರೀ ಪೀಠ, ಅದರ ಮೇಲೆ ಕೂತಿರುವುದು ಜನರ ಮೆಚ್ಚುಗೆ. ಈ ಮೂರು ಮೆಟ್ಟಿಲು ಇಳಿಯದವರು ಕೆಲಸ ಬದಲಿಸುತ್ತಾರೆ, ವಿಗ್ರಹವನ್ನು ಹೊಸ ಕೆಲಸಕ್ಕೂ ಹೊತ್ತೊಯ್ಯುತ್ತಾರೆ.

‘ನನಗೆ ಮಕ್ಕಳನ್ನು ಕೊಡು, ಇಲ್ಲವಾದರೆ ಸಾಯುತ್ತೇನೆ’ ಎಂದಳು ರಾಹೇಲ (ಆದಿಕಾಂಡ 30:1). ಮಕ್ಕಳನ್ನು ಬಯಸಿದ್ದು ತಪ್ಪಲ್ಲ. ‘ಇಲ್ಲವಾದರೆ’ ಎಂಬ ಮಾತಿನ ಮುಂದೆ ನಿಮ್ಮ ಬಾಯಲ್ಲಿ ಏನು ಬರುತ್ತದೋ ನೋಡಿಕೊಳ್ಳಿ. ಆದರೆ ದುಃಖವನ್ನು ವಿಗ್ರಹ ಎಂದುಕೊಳ್ಳಬೇಡಿ. ಲಾಜರನ ಸಮಾಧಿಯ ಬಳಿ ಯೇಸುವೂ ಅತ್ತನು. ನಿದ್ದೆ, ಊಟ ಕೆಡಿಸುವಷ್ಟು ಆತಂಕ ವಾರಗಟ್ಟಲೆ ಇದ್ದರೆ ವೈದ್ಯರನ್ನೂ ಕಾಣಿ, ಅದು ವಿಶ್ವಾಸದ ಕೊರತೆಯಲ್ಲ.

ಬಿಡುವುದೆಂದರೆ ಎಲ್ಲವನ್ನೂ ಒಡೆದು ಹಾಕುವುದು ಎಂದು ಅನೇಕರು ಎಡವುತ್ತಾರೆ. ಮೋಶೆ ಎತ್ತಿ ನಿಲ್ಲಿಸಿದ ತಾಮ್ರದ ಸರ್ಪ ದೇವರೇ ಹೇಳಿ ಮಾಡಿಸಿದ್ದು, ಜನರ ಜೀವ ಉಳಿಸಿದ್ದು (ಅರಣ್ಯಕಾಂಡ 21). ನೂರಾರು ವರ್ಷಗಳ ನಂತರವೂ ಜನ ಅದಕ್ಕೆ ಧೂಪ ಹಾಕುತ್ತಿದ್ದುದರಿಂದ ಯೆಹೂದದ ಅರಸ ಹಿಜ್ಕೀಯ ಅದನ್ನು ಚೂರುಚೂರು ಮಾಡಿದ (2 ಅರಸುಗಳು 18:4). ಇಸಾಕನೂ ದೇವರ ವರವೇ. ಅಬ್ರಹಾಮ ಅವನನ್ನು ಒಪ್ಪಿಸಿದ, ಆದರೆ ಮಗನ ಮೇಲೆ ಕೈಹಾಕಲು ದೇವರು ಬಿಡಲಿಲ್ಲ. ಸರ್ಪದ ಕೆಲಸ ಮುಗಿದಿತ್ತು, ಇಸಾಕನೋ ಜೀವಂತ ಮಗ. ನಿಮ್ಮ ಮಕ್ಕಳು ಇಸಾಕನ ಸಾಲಿನವರು: ಅವರನ್ನು ದೂರ ಮಾಡುವಂತಿಲ್ಲ, ಅವರ ಭವಿಷ್ಯವನ್ನು ನಾನೇ ಬರೆಯಬೇಕೆಂಬ ಹಟವನ್ನು ಒಪ್ಪಿಸಬೇಕು. ‘ಕೊರ್ಬಾನ್’ (ಇದು ದೇವರಿಗೆ ಮೀಸಲು) ಎಂದು ಹೇಳಿ ತಂದೆತಾಯಿಯ ಹೊಣೆಯಿಂದ ತಪ್ಪಿಸಿಕೊಳ್ಳಲು ಬಿಟ್ಟವರನ್ನು ಯೇಸು ಕಟುವಾಗಿ ಖಂಡಿಸಿದ್ದನ್ನು (ಮಾರ್ಕ 7:9-13) ಮರೆಯಬೇಡಿ. ಉದ್ಯೋಗವನ್ನೂ ತಟ್ಟನೆ ಬಿಡಬೇಡಿ. ಅದಕ್ಕೆ ನೀವು ಹಾಕುತ್ತಿರುವ ಧೂಪ ಯಾವುದು ನೋಡಿ, ಊಟದ ಹೊತ್ತಿನಲ್ಲೂ ಕೈಯಲ್ಲಿರುವ ಫೋನ್ ಇರಬಹುದು. ಒಡೆಯಬೇಕಾದ್ದು ಅದನ್ನು.

ಒಡೆದ ಜಾಗವನ್ನು ಖಾಲಿ ಬಿಡಬಾರದು. ಗುಡಿಸಿ ಅಲಂಕರಿಸಿ ಬರಿದಾಗಿಟ್ಟ ಮನೆಗೆ ದುರಾತ್ಮ ಇನ್ನೂ ಏಳನ್ನು ಕರೆತಂದಿತು (ಮತ್ತಾಯ 12:43-45). ಗಿದ್ಯೋನ ಬಾಳನೆಂಬ ಅನ್ಯದೇವರ ಬಲಿಪೀಠವನ್ನು ಕೆಡವಿ ಸುಮ್ಮನಾಗಲಿಲ್ಲ, ದೇವರಿಗೆ ಬಲಿಪೀಠ ಕಟ್ಟಿ, ಕಡಿದ ಅಶೇರ ದೇವಿಯ ಕಂಬದ ಕಟ್ಟಿಗೆಯಲ್ಲೇ ಹೋಮ ಅರ್ಪಿಸಿದ. ಇದನ್ನು ಮಾಡಿದ್ದು ಹೆದರಿಕೊಂಡು, ರಾತ್ರಿ ಹೊತ್ತಿನಲ್ಲಿ (ನ್ಯಾಯಸ್ಥಾಪಕರು 6:25-27). ನನಗೆ ಬಲು ಧೈರ್ಯ ಕೊಡುವ ವಚನವಿದು: ಭಯ ಹೋದ ಮೇಲೆ ವಿಧೇಯನಾಗುತ್ತೇನೆ ಎಂದು ಕಾಯಬೇಕಿಲ್ಲ. ಫೋನ್ ಬದಿಗಿಟ್ಟ ಆ ಅರ್ಧ ಗಂಟೆ ವಚನಕ್ಕೂ ಮಕ್ಕಳ ಮಾತಿಗೂ ಹೋಗಲಿ.

ವಿಗ್ರಹದ ಹೆಸರು ಹಿಡಿದೇ ದೇವರಲ್ಲಿ ಅರಿಕೆ ಮಾಡಿ. ‘ನನ್ನ ಪಾಪಗಳನ್ನು ಕ್ಷಮಿಸು’ ಎಂಬ ಸಾಮಾನ್ಯ ಮಾತಿನ ಹಿಂದೆ ಅದು ಸುಖವಾಗಿ ಅಡಗಿರುತ್ತದೆ. ಗುಟ್ಟು ಕಾಯುವ ಒಬ್ಬ ವಿಶ್ವಾಸಿಗೂ ಹೇಳಿ (ಯಾಕೋಬ 5:16), ಎರಡು ವಾರಕ್ಕೊಮ್ಮೆ ವಿಚಾರಿಸಲು ಕೇಳಿಕೊಳ್ಳಿ. ಮೊದಮೊದಲು ಚಡಪಡಿಕೆ ಹೆಚ್ಚಾದೀತು. ಆಸರೆ ತೆಗೆದಾಗ ಹಾಗಾಗುವುದೇ, ಸೋತೆ ಎಂದು ನಿಲ್ಲಿಸಬೇಡಿ.

ಇನ್ನೊಂದು ಅಪಾಯ ಈ ಪರೀಕ್ಷೆಯಲ್ಲೇ ಇದೆ. ಮನಸ್ಸನ್ನು ಕೆದಕುತ್ತಲೇ ಕೂತರೆ ‘ನನ್ನ ಶುದ್ಧತೆ’ಯೇ ಹೊಸ ವಿಗ್ರಹವಾಗುತ್ತದೆ. ಹತ್ತು ನಿಮಿಷ ಎಂದದ್ದು ಅದಕ್ಕೇ. ಬರೆದಾದ ಮೇಲೆ, ಅರಿಕೆ ಮಾಡಿದವರನ್ನು ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1:9 ಓದಿ, ಪುಸ್ತಕ ಮುಚ್ಚಿ, ಮಲಗಿ.