ಎರಡನೇ ಮಹಡಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಎಂಟು ಜಿಪಿಯುಗಳ ಸರ್ವರ್ ಕೂರಿಸಬಹುದೇ?

ನಿಮ್ಮ ಪ್ರಶ್ನೆ ಇದು: ಕಾಲೇಜಿಗೆ ಎಂಟು ಜಿಪಿಯುಗಳ (ಭಾರೀ ಲೆಕ್ಕಾಚಾರ ಮಾಡುವ ಚಿಪ್ಪುಗಳ) ದೊಡ್ಡ ಸರ್ವರ್ ಮಂಜೂರಾಗಿದೆ. ಎರಡನೇ ಮಹಡಿಯ ಲ್ಯಾಬಿನ ಪಕ್ಕದ ಕೋಣೆ ಕೊಟ್ಟಿದ್ದಾರೆ. ಅಲ್ಲಿ ಒಂದು ಹಳೆಯ ನೆಟ್‌ವರ್ಕ್ ರ‍್ಯಾಕ್, ಒಂದೂವರೆ ಟನ್‌ನ ಎರಡು ಎಸಿ, ಒಂದು 10 ಕೆವಿಎ ಯುಪಿಎಸ್ ಇವೆ. ಉದ್ಘಾಟನೆಯ ದಿನಾಂಕವೂ ಗೊತ್ತಾಗಿದೆ. ಸುರಕ್ಷಿತವಾಗಿ ಕೂರಿಸಲು ಏನೇನು ನೋಡಬೇಕು?

ಸರ್ವರ್ ಕೂರಿಸುವುದು ನನ್ನ ಕಸುಬು. ಕಾಲೇಜು, ಆಸ್ಪತ್ರೆ, ಸಣ್ಣ ಕಚೇರಿಗಳಲ್ಲೇ ಹೆಚ್ಚು ಕೆಲಸ ಮಾಡಿದ್ದೇನೆ. ನೀವು ಬರೆದದ್ದನ್ನು ಓದಿದಾಗ ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಆ ದಿನಾಂಕ. ಕೋಣೆ ಸಿದ್ಧವಾಗುವ ತನಕ ಯಂತ್ರವನ್ನು ತರಿಸಿಕೊಳ್ಳಬೇಡಿ. ಪೆಟ್ಟಿಗೆ ಬಾಗಿಲಿಗೆ ಬಂದು ನಿಂತ ಮೇಲೆ ವೈರಿಂಗ್, ಎಸಿ, ನೆಲ ಎಲ್ಲದರಲ್ಲೂ 'ಸದ್ಯಕ್ಕೆ ಇಷ್ಟು ಸಾಕು' ಎಂಬ ಮಾತು ಶುರುವಾಗುತ್ತದೆ. ಸರ್ವರನ್ನು ರ‍್ಯಾಕಿಗೆ ಏರಿಸುವುದು ಅರ್ಧ ದಿನದ ಕೆಲಸ. ಅದಕ್ಕೆ ಕೋಣೆಯನ್ನು ಅಣಿ ಮಾಡುವುದು ವಾರಗಟ್ಟಲೆ ಹಿಡಿಯುತ್ತದೆ.

ಮಾದರಿ ಯಾವುದೆಂದು ನೀವು ಹೇಳಿಲ್ಲ, ಹಾಗಾಗಿ ಲೆಕ್ಕಕ್ಕೆ ಎನ್‌ವಿಡಿಯಾ ಕಂಪನಿಯ ಡಿಜಿಎಕ್ಸ್ ಎಚ್100 ಇಟ್ಟುಕೊಳ್ಳೋಣ. ಎತ್ತರ ಸರ್ವರುಗಳನ್ನು ಅಳೆಯುವ ಲೆಕ್ಕದಲ್ಲಿ 8 ಯು (ಯೂನಿಟ್), ಅಂದರೆ 14 ಇಂಚು. ತೂಕ 130 ಕೆ.ಜಿ., ಪೆಟ್ಟಿಗೆ ಸಮೇತ 170 ಕೆ.ಜಿ. ಪೂರ್ತಿ ಓಡಿದಾಗ 10.2 ಕಿಲೋವ್ಯಾಟ್ ವಿದ್ಯುತ್ ಎಳೆಯುತ್ತದೆ.

ಮೊದಲು ಮನುಷ್ಯರ ವಿಷಯ. ನಮ್ಮಲ್ಲಿ ಇಂಥ ಪೆಟ್ಟಿಗೆ ಬಂದರೆ ಲ್ಯಾಬ್ ಅಟೆಂಡರುಗಳನ್ನೂ ಇಬ್ಬರು ಹಮಾಲರನ್ನೂ ಕರೆದು 'ಸ್ವಲ್ಪ ಕೈ ಹಾಕ್ರಪ್ಪ' ಅನ್ನುವುದು ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಸರ್ವರುಗಳ ಮೈಮೇಲೆ ಅಂಟಿಸಿರುವ ಎಚ್ಚರಿಕೆಯ ಚೀಟಿಗಳಲ್ಲಿ 18 ಕೆ.ಜಿ. ದಾಟಿದರೆ ಇಬ್ಬರು, 32 ದಾಟಿದರೆ ಮೂವರು ಎಂಬಂಥ ಸೂಚನೆ ಇರುತ್ತದೆ. 130 ಕೆ.ಜಿ.ಯನ್ನು ಕೈಯಲ್ಲಿ ಎತ್ತುವ ಮಾತೇ ಇಲ್ಲ. ಅದಕ್ಕೆ ಸರ್ವರ್ ಲಿಫ್ಟ್ ಎಂಬ, ಚಕ್ರದ ಮೇಲೆ ಓಡುವ, ಹಲಗೆ ಮೇಲೆ ಕೆಳಗೆ ಆಗುವ ಯಂತ್ರ ಬೇಕು. ಖರೀದಿ ಆದೇಶದಲ್ಲೇ 'ಲಿಫ್ಟ್ ಉಪಕರಣ ಸಮೇತ ರ‍್ಯಾಕಿನಲ್ಲಿ ಕೂರಿಸಿಕೊಡತಕ್ಕದ್ದು' ಎಂದು ಒಂದು ಸಾಲು ಸೇರಿಸಿ. ಆ ಸಾಲು ಇಲ್ಲದಿದ್ದರೆ ಲಾರಿಯವನು ಪೋರ್ಟಿಕೋದಲ್ಲಿ ಇಳಿಸಿ ಹೋಗುತ್ತಾನೆ, ಆಮೇಲೆ ನಿಮ್ಮ ಅಟೆಂಡರನ ಬೆನ್ನೇ ಗತಿ.

ಎರಡನೇ ಮಹಡಿಗೆ ಮೆಟ್ಟಿಲಲ್ಲಿ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕಟ್ಟಡದ ಲಿಫ್ಟ್ ಇದ್ದರೆ ಅದರೊಳಗಿನ ಫಲಕ ನೋಡಿ. ಎಂಟು ಜನರದ್ದಾದರೆ 544 ಕೆ.ಜಿ. ಎಂದಿರುತ್ತದೆ, ಸರ್ವರ್ ಪೆಟ್ಟಿಗೆಯ ತೂಕಕ್ಕೆ ಸಾಕು. ಆದರೆ ಹೊಸ ರ‍್ಯಾಕ್ ಬರುವುದು ಮರದ ಪ್ಯಾಲೆಟ್ಟಿನ ಮೇಲೆ ನಿಂತುಕೊಂಡು. ರ‍್ಯಾಕೇ ಸುಮಾರು 2 ಮೀಟರ್ ಎತ್ತರ, ಕೆಳಗೆ ಪ್ಯಾಲೆಟ್. ಲಿಫ್ಟಿನ ಬಾಗಿಲೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಗೇಟಿನಿಂದ ಕೋಣೆಯವರೆಗೆ ಪ್ರತಿ ಬಾಗಿಲು, ತಿರುವು, ಹೊಸ್ತಿಲು, ಇಳಿಜಾರನ್ನು ಟೇಪ್ ಹಿಡಿದು ಅಳೆದು ಕಾಗದದ ಮೇಲೆ ಬರೆಯಿರಿ.

ನೆಲದ ಬಗ್ಗೆ ಎಲ್ಲರೂ ಸರ್ವರಿನ ತೂಕವನ್ನೇ ಯೋಚಿಸುತ್ತಾರೆ. ನಿಜವಾದ ಭಾರ ಇರುವುದು ಬ್ಯಾಟರಿಯಲ್ಲಿ. ಯುಪಿಎಸ್‌ಗೆ ಹಾಕುವ 12 ವೋಲ್ಟ್ 100 ಎಎಚ್‌ನ (ಆಂಪಿಯರ್ ಅವರ್) ಒಂದು ಎಸ್‌ಎಂಎಫ್, ಅಂದರೆ ನೀರು ಹಾಕಬೇಕಿಲ್ಲದ ಮುಚ್ಚಿದ ಬ್ಯಾಟರಿ ಸುಮಾರು 30 ಕೆ.ಜಿ. ಇರುತ್ತದೆ. ಇಪ್ಪತ್ತು ಜೋಡಿಸಿದರೆ 600 ಕೆ.ಜಿ., ಅದೂ ಒಂದು ಸಣ್ಣ ಸ್ಟ್ಯಾಂಡಿನ ಮೇಲೆ. ತರಗತಿ ಕೋಣೆಗಳಿಗೆ ಕಟ್ಟಡದ ಭಾರದ ಭಾರತೀಯ ಮಾನದಂಡ ಐಎಸ್ 875 ಹೇಳುವ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆ.ಜಿ. ನಿಮ್ಮಲ್ಲೇ ಸಿವಿಲ್ ವಿಭಾಗ ಇದ್ದರೆ ಸ್ಟ್ರಕ್ಚರ್ ಕಲಿಸುವ ಮೇಷ್ಟ್ರನ್ನು ಕರೆತಂದು ತೊಲೆ ಎಲ್ಲಿದೆ, ಬ್ಯಾಟರಿ ಎಲ್ಲಿಡಬಹುದು ಎಂದು ಲಿಖಿತವಾಗಿ ಕೇಳಿ. ನೆಲಮಹಡಿಯಲ್ಲಿ ಮಳೆನೀರು ನುಗ್ಗದ ಕೋಣೆ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಆರಿಸಿಕೊಳ್ಳುವೆ. ಶೌಚಾಲಯದ ಅಥವಾ ನೀರಿನ ಟ್ಯಾಂಕಿನ ಕೆಳಗಿನ ಕೋಣೆ ಮಾತ್ರ ಬೇಡ.

ಹಳೆಯ ನೆಟ್‌ವರ್ಕ್ ರ‍್ಯಾಕ್ ಇದಕ್ಕೆ ಆಗದು. ಈ ಸರ್ವರಿನ ಉದ್ದವೇ ಸುಮಾರು 90 ಸೆಂಟಿಮೀಟರ್, ಹಿಂದೆ ಕೇಬಲ್ಲಿಗೂ ಜಾಗ ಬೇಕು. 1200 ಮಿಲಿಮೀಟರ್ ಆಳದ, ಮುಂದೆ ಹಿಂದೆ ತೂತುಗಳ ಬಾಗಿಲಿರುವ ರ‍್ಯಾಕ್ ತೆಗೆದುಕೊಳ್ಳಿ. ಗಾಜಿನ ಬಾಗಿಲಾದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಚಕ್ರದ ಮೇಲೆ ನಿಲ್ಲಿಸದೆ ಲೆವೆಲಿಂಗ್ ಕಾಲುಗಳನ್ನು ಇಳಿಸಿ, ನೆಲಕ್ಕೆ ಬೋಲ್ಟ್ ಹಾಕಿಸಿ. ಭಾರದ್ದು ಯಾವತ್ತೂ ತಳದಲ್ಲಿರಲಿ. ಹಳಿಯ ಮೇಲೆ ಒಂದು ಸಲಕ್ಕೆ ಒಂದೇ ಯಂತ್ರವನ್ನು ಹೊರಗೆಳೆಯಬೇಕು. ಎರಡು ಎಳೆದರೆ, ಎಲ್ಲ ಡ್ರಾಯರ್ ತೆರೆದ ಬೀರುವಿನಂತೆ ಇಡೀ ರ‍್ಯಾಕ್ ಮುಂದಕ್ಕೆ ಮಗುಚುತ್ತದೆ, ಅದರ ಎದುರಿಗೆ ನಿಂತಿರುವುದು ಮನುಷ್ಯನೇ.

ಈಗ ಕರೆಂಟು. 230 ವೋಲ್ಟಿನಲ್ಲಿ 10.2 ಕಿಲೋವ್ಯಾಟ್ ಎಂದರೆ ಸುಮಾರು 44 ಆಂಪಿಯರ್. ನಿಮ್ಮ 10 ಕೆವಿಎ ಯುಪಿಎಸ್ ಇದನ್ನು ಹೊರಲಾರದು. ಗೋಡೆಯ 16 ಆಂಪಿಯರ್ ಸಾಕೆಟ್ಟೂ ಆಗದು, ಎಕ್ಸ್‌ಟೆನ್ಶನ್ ಬೋರ್ಡಂತೂ ಬೆಂಕಿಗೆ ಕೊಟ್ಟ ಆಹ್ವಾನ. ಡಿಸ್ಟ್ರಿಬ್ಯೂಶನ್ ಬೋರ್ಡಿನಿಂದ ಎರಡು ಪ್ರತ್ಯೇಕ ಮೂರು ಫೇಸ್ 32 ಆಂಪಿಯರ್ ಲೈನು ಎಳೆಸಿ, ಪ್ರತಿಯೊಂದಕ್ಕೂ ರ‍್ಯಾಕ್ ಪಿಡಿಯು (ರ‍್ಯಾಕಿನೊಳಗೆ ಕರೆಂಟು ಹಂಚುವ ಸಾಕೆಟ್ ಪಟ್ಟಿ) ಜೋಡಿಸಿ. ಎರಡು ಲೈನು ಎಂದಮೇಲೆ ಅರ್ಧರ್ಧ ಹೊರೆ ಹಂಚಿಕೊಂಡರಾಯಿತು ಎಂದು ಭಾವಿಸಬೇಡಿ. ಎರಡರಲ್ಲೂ ಶೇ 60 ಹೊರೆ ಇದ್ದು ಒಂದು ಹೋದರೆ ಉಳಿದದ್ದರ ಮೇಲೆ ಶೇ 120 ಬೀಳುತ್ತದೆ, ಅದೂ ಟ್ರಿಪ್ ಆಗುತ್ತದೆ. ಒಂದೊಂದು ಲೈನೂ, ಅದರ ಹಿಂದಿನ ಯುಪಿಎಸ್ಸೂ ಪೂರ್ತಿ ಹೊರೆ ಹೊರುವಂತಿರಬೇಕು. ಎಚ್100ರಲ್ಲಿ ಆರು ಪವರ್ ಸಪ್ಲೈ ಇವೆ, ಪೂರ್ತಿ ವೇಗಕ್ಕೆ ನಾಲ್ಕು ಬೇಕು. ಮೂರು ಮೂರರಂತೆ ಹಂಚಿ ಒಂದು ಲೈನು ಹೋದರೆ ಮೂರೇ ಉಳಿಯುತ್ತವೆ, ಆಗ ಯಂತ್ರ ವೇಗ ತಗ್ಗಿಸುತ್ತದೋ ನಿಂತೇ ಹೋಗುತ್ತದೋ ಎಂದು ಸಪ್ಲೈಯರನ್ನು ಕೇಳಿಕೊಳ್ಳಿ. ಎಸಿಯನ್ನೂ ಸೇರಿಸಿದರೆ ಹೊಸ ಹೊರೆ 15 ಕಿಲೋವ್ಯಾಟ್ ಮುಟ್ಟಬಹುದು. ಎಸ್ಕಾಂನಿಂದ ಕಾಲೇಜಿಗೆ ಮಂಜೂರಾದ ಲೋಡ್ ಎಷ್ಟೆಂದು ಈಗಲೇ ಬಿಲ್ಲಿನಲ್ಲಿ ನೋಡಿಕೊಳ್ಳಿ.

ಅರ್ಥಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದು ಕಣ್ಣಿಗೆ ಕಾಣದ ಅಪಾಯ. ಪ್ರತಿ ಪವರ್ ಸಪ್ಲೈಯಿಂದಲೂ ಕೆಲವು ಮಿಲಿಆಂಪಿಯರ್ ಸೋರಿಕೆ ಕರೆಂಟು ಅರ್ಥ್ ತಂತಿಗೆ ಹರಿಯುತ್ತಲೇ ಇರುತ್ತದೆ. ಅದು ದೋಷವಲ್ಲ, ಅವುಗಳೊಳಗಿನ ಫಿಲ್ಟರಿನ ಸ್ವಭಾವ. ಒಂದಕ್ಕೆ 3.5 ಮಿಲಿಆಂಪಿಯರ್ ಎಂದುಕೊಂಡರೂ ಆರಕ್ಕೆ 21 ಆಯಿತು. ಅರ್ಥ್ ತಂತಿ ಎಲ್ಲಾದರೂ ತುಂಡಾಗಿದ್ದರೆ ಅಷ್ಟೂ ಸರ್ವರಿನ ಮೈಗೆ ಬಂದು, ಮುಟ್ಟಿದವರ ಮೂಲಕ ಹರಿಯುತ್ತದೆ. ಆದ್ದರಿಂದ ರ‍್ಯಾಕಿನ ದೇಹಕ್ಕೆ ಪ್ರತ್ಯೇಕ ಅರ್ಥ್ ತಂತಿ ಬಿಗಿಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಹೊರೆ ಇರುವಾಗ ಅಳೆಯಿರಿ, ಅದು 2 ವೋಲ್ಟಿನೊಳಗಿದ್ದರೆ ಒಳ್ಳೆಯದು. ಅರ್ಥ್ ಗುಂಡಿಯನ್ನು ಮಳೆಗಾಲದಲ್ಲಿ ಪರೀಕ್ಷಿಸಿ ಸಮಾಧಾನಪಟ್ಟುಕೊಳ್ಳಬೇಡಿ. ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ಬರುವ ಅಳತೆಯೇ ನಂಬತಕ್ಕದ್ದು.

ನೀವು ಕಡೆಗಣಿಸುವ ಸಂಭವ ಹೆಚ್ಚಿರುವುದು ಬಿಸಿಯನ್ನು. ಒಳಗೆ ಹೋದ ಕರೆಂಟೆಲ್ಲ ಬಿಸಿಯಾಗಿಯೇ ಹೊರಬರುತ್ತದೆ. ಒಂದು ಟನ್ ಎಸಿ ಎಂದರೆ 3.5 ಕಿಲೋವ್ಯಾಟ್ ಬಿಸಿ ಹೊರಹಾಕುವ ಶಕ್ತಿ, ಹಾಗಾಗಿ 10.2 ಕಿಲೋವ್ಯಾಟಿಗೆ ಸುಮಾರು 3 ಟನ್. ನಿಮ್ಮಲ್ಲಿರುವ ಎರಡು ಎಸಿ ಸೇರಿ ಸರಿಯಾಗಿ 3 ಟನ್ ಎಂದು ಖುಷಿಪಡುವಂತಿಲ್ಲ. ಮನೆಯ ಎಸಿಯ ಶಕ್ತಿಯಲ್ಲಿ ಒಂದು ಪಾಲು ಗಾಳಿಯ ತೇವ ಹಿಂಡುವುದಕ್ಕೇ ಹೋಗುತ್ತದೆ. ಅದನ್ನು ಹಗಲೂ ರಾತ್ರಿ ಬಿಡದೆ ಓಡಲು ಮಾಡಿದ್ದೂ ಅಲ್ಲ. ಒಂದು ಕೆಟ್ಟರೆ ಉಳಿದವು ಪೂರ್ತಿ ಬಿಸಿಯನ್ನು ನಿಭಾಯಿಸಬೇಕು, ಆದ್ದರಿಂದ ಸರ್ವರ್ ಕೋಣೆಗೆಂದೇ ಮಾಡಿದ ನಿಖರ ತಾಪದ (ಪ್ರಿಸಿಶನ್) ಎಸಿಯನ್ನೇ ಕೇಳಿ, ಜೊತೆಗೆ ಒಂದು ಹೆಚ್ಚುವರಿ. ಎಸಿಯ ಒಳಘಟಕ ರ‍್ಯಾಕಿನ ನೆತ್ತಿಯ ಮೇಲಿರಬಾರದು, ಡ್ರೇನ್ ಪೈಪು ಕಟ್ಟಿಕೊಂಡರೆ ನೀರು ನೇರ ಸರ್ವರಿನ ಮೇಲೆ ಸುರಿಯುತ್ತದೆ. ಯಂತ್ರದ ಮುಂದೆ ಬರುವ ಗಾಳಿ 18ರಿಂದ 27 ಡಿಗ್ರಿಯೊಳಗಿರಲಿ.

ಕರೆಂಟು ಹೋದಾಗ ಏನಾಗುತ್ತದೆ ಎಂದು ಯೋಚಿಸಿ. ಯುಪಿಎಸ್ ಸರ್ವರನ್ನು ಓಡಿಸುತ್ತಲೇ ಇರುತ್ತದೆ, ಎಸಿ ನಿಂತಿರುತ್ತದೆ. 5 ಮೀಟರ್ ಉದ್ದ, 4 ಅಗಲ, 3 ಎತ್ತರದ ಕೋಣೆಯಲ್ಲಿರುವುದು 70 ಕೆ.ಜಿ. ಗಾಳಿ. 10 ಕಿಲೋವ್ಯಾಟ್ ಬಿಸಿ ಅದನ್ನು ಲೆಕ್ಕದ ಪ್ರಕಾರ ನಿಮಿಷಕ್ಕೆ 8 ಡಿಗ್ರಿಯಷ್ಟು ಏರಿಸಬಲ್ಲದು. ಗೋಡೆ, ನೆಲ ಒಂದಷ್ಟು ಹೀರಿಕೊಳ್ಳುವುದರಿಂದ ನಿಜದಲ್ಲಿ ನಿಧಾನ, ಆದರೂ ನಿಮಗಿರುವುದು ಕೆಲವೇ ನಿಮಿಷ. ಜನರೇಟರ್ ಹತ್ತಿದ ಮೇಲೂ ಕಂಪ್ರೆಸರ್ ಮತ್ತೆ ಶುರುವಾಗಲು ಸಾಮಾನ್ಯವಾಗಿ ಮೂರು ನಿಮಿಷ ಬಿಡುತ್ತದೆ. ಕೆಲವು ಎಸಿಗಳು ರಿಮೋಟ್ ಒತ್ತುವ ತನಕ ಏಳುವುದೇ ಇಲ್ಲ. ದಸರಾ ರಜೆಯಲ್ಲಿ ರಿಮೋಟ್ ಒತ್ತುವವರು ಯಾರು? ತಾನೇ ಮರುಚಾಲನೆಯಾಗುವ ಎಸಿ, ತಾಪ ಮಿತಿ ಮೀರಿದರೆ ಸರ್ವರನ್ನು ಕ್ರಮವಾಗಿ ಮುಚ್ಚುವ ಸ್ವಯಂ ವ್ಯವಸ್ಥೆ, ಫೋನಿಗೆ ಸಂದೇಶ ಕಳಿಸುವ ಸೆನ್ಸರ್, ಈ ಮೂರೂ ಇರಲೇಬೇಕು.

ಬೆಂಕಿಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನು ಬಾಗಿಲ ಹೊರಗೆ ತೂಗುಹಾಕಿ. ಪುಡಿಯ ಸಿಲಿಂಡರ್ ಬಳಸಿದರೆ ಬೆಂಕಿ ಆರಿದರೂ ಯಂತ್ರ ಉಳಿಯದು. ಮುಚ್ಚಿದ ಸಣ್ಣ ಕೋಣೆಯಲ್ಲಿ ಈ ಅನಿಲ ಮನುಷ್ಯರಿಗೂ ಉಸಿರುಗಟ್ಟಿಸುತ್ತದೆ, ಬಳಸಿದ ಕೂಡಲೇ ಹೊರಬರಬೇಕೆಂದು ಎಲ್ಲರಿಗೂ ತಿಳಿಸಿ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ ಪೇರಿಸಬೇಡಿ.

ಪೆಟ್ಟಿಗೆ ಬಂದಾಗ ಅದರ ಮೇಲಿನ ಅಲುಗಾಟ ಮತ್ತು ಓರೆಯ ಸೂಚಕಗಳನ್ನು ನೋಡಿ. ಕೆಂಪಾಗಿದ್ದರೆ ಫೋಟೋ ತೆಗೆದು ಲಾರಿ ರಸೀದಿಯ ಮೇಲೇ ಬರೆದು ಸಹಿ ಹಾಕಿ. ತಣ್ಣಗಿರುವ ಯಂತ್ರವನ್ನು ತೇವದ ಗಾಳಿಯಲ್ಲಿ ಬಿಚ್ಚಿದರೆ ಒಳಗೆ ನೀರು ಹನಿಗಟ್ಟುತ್ತದೆ, ಮಳೆಗಾಲವಾದರೆ ಒಂದು ದಿನ ಕೋಣೆಯಲ್ಲೇ ಮುಚ್ಚಿಟ್ಟು ಆಮೇಲೆ ತೆರೆಯಿರಿ. ಒಳಗೆ ಕೈ ಹಾಕುವವರು ಮಣಿಕಟ್ಟಿಗೆ ಸ್ಥಿರವಿದ್ಯುತ್ ಪಟ್ಟಿ ಕಟ್ಟಿಕೊಳ್ಳಲಿ. ಫ್ಯಾನುಗಳ ಸದ್ದಿಗೆ ಇಯರ್ ಪ್ಲಗ್ ಕೊಡಿ.

ಕೊನೆಗೆ, ಸಪ್ಲೈಯರ್ ಎದುರಲ್ಲೇ ಪೂರ್ತಿ ಹೊರೆ ಕೊಟ್ಟು ಕೆಲವು ಗಂಟೆ ಓಡಿಸಿ, ಒಂದು ಲೈನಿನ ಬ್ರೇಕರ್ ಇಳಿಸಿ ನೋಡಿ. ಆಮೇಲೆ ಇನ್ನೊಂದರದ್ದು. ಆಮೇಲೆ ಮುಖ್ಯ ಸರಬರಾಜನ್ನೇ ತೆಗೆದು ಜನರೇಟರ್, ಎಸಿ, ತಾಪ ಮೂರನ್ನೂ ಗಮನಿಸಿ. ಇಷ್ಟು ಆಗುವ ತನಕ ಇನ್‌ಸ್ಟಲೇಶನ್ ರಿಪೋರ್ಟಿಗೆ ಸಹಿ ಬೇಡ. ಸರ್ವರಿನ ಮಾದರಿ, ಕೋಣೆಯ ಅಳತೆ, ಡಿಸ್ಟ್ರಿಬ್ಯೂಶನ್ ಬೋರ್ಡಿನ ಫೋಟೋ ಹಾಕಿದರೆ ನಿಮ್ಮ ಕೋಣೆಗೇ ಲೆಕ್ಕ ಹಾಕಿ ಹೇಳುತ್ತೇನೆ. ಪ್ರಾಂಶುಪಾಲರಿಗೆ ದಿನಾಂಕ ಮುಂದೂಡಲು ಪತ್ರ ಬರೆಯುವುದಿದ್ದರೆ ಆ ಲೆಕ್ಕವನ್ನು ಜೊತೆಗೆ ಲಗತ್ತಿಸಬಹುದು.