ಟೂವುಂಬಾಕ್ಕೆ ಹೊರಟ ತಮ್ಮನಿಗೆ: ಸಹಿ, ಸಾಕ್ಷಿ ಮತ್ತು ಎರೆಮಣ್ಣು

ತಮ್ಮಾ,

ನಿನ್ನ ಪ್ರಶ್ನೆ ಓದಿದೆ. ಗದಗಿನ ಹುಡುಗ, ಹುಬ್ಬಳ್ಳಿಯಲ್ಲಿ ಸಿವಿಲ್ ಓದಿ ಬೆಂಗಳೂರಿನ ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯಲ್ಲಿ ದುಡಿದಿದ್ದೀಯ. ಆಸ್ಟ್ರೇಲಿಯಾದ ಪ್ರಾದೇಶಿಕ ಊರುಗಳಿಗೆ ಕೊಡುವ 491 ವೀಸಾ ಬಂದಿದೆ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಟೂವುಂಬಾದ ಸಣ್ಣ ಆಫೀಸೊಂದು ಕೆಲಸ ಕೊಟ್ಟಿದೆ. ಕೇಳಿದ್ದು ಇಷ್ಟು: "ಅಕ್ಕಾರೆ, ಸಣ್ಣ ಊರಿಗೆ ಬಂದರ ಕರಿಯರ್‌ನ್ಯಾಗ ಹಿಂದ ಬೀಳ್ತೀನೇನು? ಬ್ರಿಸ್ಬೇನ್‌ಗೆ ಹೋಗ್ಲಾ? ಸಿಪಿಡಿ ಗಂಟೆ ಹೆಂಗ ತುಂಬಸೂದು? ಚಾರ್ಟರ್ಡ್ ಆಗಬೇಕೊ, ಆರ್‌ಪಿಇಕ್ಯೂ ಆಗಬೇಕೊ? ಅಲ್ಲೆ ನಮ್ಮವರು ಅದಾರೇನು?" (ಸಿಪಿಡಿ ಅಂದರೆ ವೃತ್ತಿಯಲ್ಲಿ ಮುಂದುವರಿಸಬೇಕಾದ ಕಲಿಕೆ, ಆರ್‌ಪಿಇಕ್ಯೂ ಅಂದರೆ ಕ್ವೀನ್ಸ್‌ಲ್ಯಾಂಡ್‌ನ ನೋಂದಾಯಿತ ವೃತ್ತಿಪರ ಎಂಜಿನಿಯರ್.) ಜೊತೆಗೆ ಮನೆ, ಕಾರು, ಚಳಿ.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಕಾರು ಬೇಕೇ ಬೇಕು. ಮನೆಯನ್ನು ಫೋಟೋ ನೋಡಿ ಹಿಡಿಯಬೇಡ, ಬಂದು ಕಣ್ಣಾರೆ ನೋಡು. ಊರು ಗ್ರೇಟ್ ಡಿವೈಡಿಂಗ್ ರೇಂಜಿನ ನೆತ್ತಿಯ ಮೇಲಿದೆ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ. ಜೂನ್-ಜುಲೈಯಲ್ಲಿ ಪಡುವಣ ಗಾಳಿ ಬೀಸಿದರೆ ಹುಬ್ಬಳ್ಳಿಯ ಸ್ವೆಟರ್ ಯಾವ ಮೂಲೆಗೂ ಸಾಲದು. ಇನ್ನು ನಮ್ಮವರು: ಅಲ್ಲೊಂದು ಇಲ್ಲೊಂದು ಕನ್ನಡದ ಮನೆ ಸಿಗುತ್ತದೆ. ಯುಗಾದಿ, ರಾಜ್ಯೋತ್ಸವ ಅಂದರೆ ಬೆಟ್ಟ ಇಳಿದು ಬ್ರಿಸ್ಬೇನ್‌ಗೇ ಹೋಗಬೇಕು. ಊರು ದಾಟಿದರೆ ಡಾರ್ಲಿಂಗ್ ಡೌನ್ಸ್ ಬಯಲಿನಲ್ಲಿ ಕಣ್ಣು ಹರಿಯುವಷ್ಟು ದೂರ ಜೋಳ ಬೆಳೆದು ನಿಂತಿರುತ್ತದೆ, ಆದರೆ ಅದು ಹೆಚ್ಚಾಗಿ ದನದ ಮೇವಿಗೆ ಹೋಗುವ ಜೋಳ. ರೊಟ್ಟಿ ಹಿಟ್ಟನ್ನು ಇಂಡಿಯನ್ ಅಂಗಡಿಯಲ್ಲಿ ಹುಡುಕಬೇಕು. ಇದನ್ನು ನೋಡಿ ಹೊಟ್ಟೆ ಉರಿಯದ ಉತ್ತರ ಕರ್ನಾಟಕದವರು ಯಾರೂ ಇರಲಿಕ್ಕಿಲ್ಲ.

ಬ್ರಿಸ್ಬೇನ್ ವಿಚಾರವನ್ನು ವೀಸಾನೇ ತೀರ್ಮಾನಿಸಿಬಿಟ್ಟಿದೆ. 491ರ ಷರತ್ತಿನ ಪ್ರಕಾರ ವಾಸ, ಕೆಲಸ, ಓದು ಮೂರೂ ನಿಗದಿತ ಪ್ರಾದೇಶಿಕ ವಲಯದೊಳಗೇ ಇರಬೇಕು. ಬ್ರಿಸ್ಬೇನ್ ಮಹಾನಗರ ಆ ವಲಯದಲ್ಲಿಲ್ಲ. ಮೂರು ವರ್ಷ ಕಳೆದು ತೆರಿಗೆಯ ಕಾಗದಗಳನ್ನು ಇಟ್ಟುಕೊಂಡು ಕಾಯಂ ವಾಸದ 191 ವೀಸಾಕ್ಕೆ ಅರ್ಜಿ ಹಾಕಿ ಅದು ಕೈಗೆ ಸಿಗುವ ತನಕ ಆ ಆಸೆ ಬಿಡು. ಮಾಸ್ಟರ್ಸ್ ಮಾಡುವ ಮನಸ್ಸಿದ್ದರೆ ಟೂವುಂಬಾದಲ್ಲೇ ಯೂನಿವರ್ಸಿಟಿ ಆಫ್ ಸದರ್ನ್ ಕ್ವೀನ್ಸ್‌ಲ್ಯಾಂಡ್ ಇದೆ. ಕೆಲಸ ಮಾಡುತ್ತಾ ದೂರಶಿಕ್ಷಣದಲ್ಲಿ ಓದುವವರಿಗೆ ಅದು ಹಳೆಯ ಹೆಸರು.

ಈಗ ಮುಖ್ಯ ವಿಷಯ. ಚಾರ್ಟರ್ಡ್ ಅನ್ನುವುದು ಎಂಜಿನಿಯರ್ಸ್ ಆಸ್ಟ್ರೇಲಿಯಾ ಕೊಡುವ ಮಾನ್ಯತೆ. ಗೌರವವಿದೆ, ಇದ್ದರೆ ಒಳ್ಳೆಯದು. ಆರ್‌ಪಿಇಕ್ಯೂ ಹಾಗಲ್ಲ, ಅದು ಕಾನೂನು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಂಜಿನಿಯರ್‌ಗಳ ನೋಂದಣಿ ಕಾಯ್ದೆ 1929ರಿಂದಲೂ ಇದೆ, ಈಗಿರುವುದು 2002ರದು. ಅದರ ಪ್ರಕಾರ ವೃತ್ತಿಪರ ಎಂಜಿನಿಯರಿಂಗ್ ಸೇವೆ ಕೊಡುವವನು ಸ್ವತಃ ನೋಂದಾಯಿತನಾಗಿರಬೇಕು, ಇಲ್ಲವೇ ನೋಂದಾಯಿತನ ನೇರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು. ನಮ್ಮೂರಿನ ಹಾಗೆ ಡಿಗ್ರಿ ಮತ್ತು ಅನುಭವ ತೋರಿಸಿ ಮಹಾನಗರಪಾಲಿಕೆಯ ಲೈಸೆನ್ಸ್ ತೆಗೆದುಕೊಂಡು ಸಹಿ ಹಾಕಲು ಬರುವುದಿಲ್ಲ. ಇಲ್ಲಿ ಕಟ್ಟಡದ ವಿನ್ಯಾಸ ಸರಿಯಿದೆ ಎನ್ನುವ ಫಾರ್ಮ್ 15 ಇರಲಿ, ಸೈಟಿನ ತಪಾಸಣೆಯ ಫಾರ್ಮ್ 12 ಇರಲಿ, ಎಂಜಿನಿಯರಿಂಗ್ ಭಾಗದ ಕೆಳಗಿನ ಸಹಿ ಆರ್‌ಪಿಇಕ್ಯೂದೇ. ನೀನು ಮೊದಲು ಆರ್‌ಪಿಇಕ್ಯೂ ಕಡೆ ಮುಖ ಮಾಡು. ಅದರ ಮೌಲ್ಯಮಾಪನ ಮಾಡುವ ಸಂಸ್ಥೆಗಳಲ್ಲಿ ಎಂಜಿನಿಯರ್ಸ್ ಆಸ್ಟ್ರೇಲಿಯಾವೂ ಒಂದು, ಆದ್ದರಿಂದ ಮಾಡಿದ ಶ್ರಮ ಚಾರ್ಟರ್ಡ್‌ಗೂ ಉಪಯೋಗಕ್ಕೆ ಬರುತ್ತದೆ.

ಸಣ್ಣ ಊರಿನ ನಿಜವಾದ ತೊಂದರೆ ಇರುವುದು ಇಲ್ಲಿ, ನೀನು ಹೆದರಿದ ಕಡೆ ಅಲ್ಲ. ಕೆಲಸಕ್ಕೇನೂ ಕೊರತೆಯಿಲ್ಲ. ದೊಡ್ಡ ಕಂಪನಿಯಲ್ಲಿ ವರ್ಷಗಟ್ಟಲೆ ಒಂದೇ ಬಗೆಯ ಸ್ಲ್ಯಾಬ್ ಮಾಡುವವನಿಗಿಂತ ನಿನ್ನ ಕೈಗೆ ಹೆಚ್ಚು ಬಗೆಯದು ಬರುತ್ತದೆ: ಬೆಳಿಗ್ಗೆ ಕಲ್ವರ್ಟು, ಮಧ್ಯಾಹ್ನ ರೈತನ ಶೆಡ್ಡು, ನಾಳೆ ಶಾಲೆಯ ತಡೆಗೋಡೆ. ಆದರೆ ಸಣ್ಣ ಆಫೀಸಿನಲ್ಲಿ ನಿನ್ನ ವಿಭಾಗದ ಆರ್‌ಪಿಇಕ್ಯೂ ಒಬ್ಬರೇ ಇರುತ್ತಾರೆ. ಅವರು ನಿವೃತ್ತರಾದರೆ, ಕಾಯಿಲೆ ಬಿದ್ದರೆ, ಕರಾವಳಿಗೆ ಮನೆ ಬದಲಿಸಿದರೆ, ಆಫೀಸಿನ ಸಹಿಯ ಜೊತೆಗೆ ನಿನ್ನ ಅಷ್ಟೂ ವರ್ಷದ ಸಾಕ್ಷಿಯೂ ಹೋಗುತ್ತದೆ. ಮೌಲ್ಯಮಾಪನ ಮಾಡುವವರು ಪ್ರಾಜೆಕ್ಟಿನ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಲೆಕ್ಕ ಯಾರು ಮಾಡಿದರು, ಆ ಫೂಟಿಂಗನ್ನು ಯಾಕೆ ಬದಲಿಸಿದಿರಿ, ಅಪಾಯ ಯಾವುದೆಂದು ಯಾರು ಗುರುತಿಸಿದರು, ಅದನ್ನು ಕಂಡವರು ಯಾರು ಎಂದು ಕೇಳುತ್ತಾರೆ. ನಾಲ್ಕೈದು ವರ್ಷ ಚೆನ್ನಾಗಿ ದುಡಿದ ಹುಡುಗರು, ತಮ್ಮ ಮೇಲ್ವಿಚಾರಕರು ಊರು ಬಿಟ್ಟ ಮೇಲೆ, ಅವರ ಹೊಸ ವಿಳಾಸ ಹುಡುಕುತ್ತಾ ಹಳೆಯ ಇಮೇಲ್ ಕೆದಕುವುದನ್ನು ನೋಡಿದರೆ ಸಂಕಟವಾಗುತ್ತದೆ. ಕೆಲಸ ಬಲ್ಲವರು, ಆದರೆ ತೋರಿಸಲು ಕಾಗದವಿಲ್ಲ.

ಹಾಗಾಗಿ ಮೊದಲ ವಾರದಿಂದಲೇ ದಾಖಲೆ ಇಡು. ಶುಕ್ರವಾರ ಸಂಜೆ ಹದಿನೈದು ನಿಮಿಷ ಸಾಕು. ಜಾಬ್ ನಂಬರ್, ದಿನಾಂಕ, ನೀನು ನಿರ್ಧರಿಸಿದ್ದೇನು, ಯಾವ ಸ್ಟ್ಯಾಂಡರ್ಡಿನ ಯಾವ ಕಲಮು ಹಿಡಿದೆ, ಆರ್‌ಪಿಇಕ್ಯೂ ಏನು ತಿದ್ದಿದರು, ಯಾಕೆ ತಿದ್ದಿದರು. ಅವರು ಕೆಂಪು ಪೆನ್ನಿನಲ್ಲಿ ಗೀಚಿದ ಡ್ರಾಯಿಂಗ್ ಬಂಗಾರ ಇದ್ದ ಹಾಗೆ, ಅದನ್ನು ಜಾಬ್ ಫೈಲಿನಲ್ಲೇ ಸ್ಕ್ಯಾನ್ ಮಾಡಿ ಇಡಿಸು. ಆರು ತಿಂಗಳಿಗೊಮ್ಮೆ ಎರಡು ಪುಟದ ಸಾರಾಂಶ ಬರೆದು ಅವರ ಸಹಿ, ನೋಂದಣಿ ಸಂಖ್ಯೆ ಹಾಕಿಸಿಕೋ. ಒಂದು ಎಚ್ಚರಿಕೆ: ಕಂಪನಿಯ ಡ್ರಾಯಿಂಗ್, ಲೆಕ್ಕದ ಹಾಳೆಗಳನ್ನು ಕೇಳದೆ ಮನೆಗೆ ಒಯ್ಯಬೇಡ. ಅವು ನಿನ್ನ ಸ್ವತ್ತಲ್ಲ. ಸಾರಾಂಶ ನಿನ್ನ ಮಾತಿನಲ್ಲಿರಲಿ, ಯಾವುದನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಇಮೇಲ್‌ನಲ್ಲಿ ಒಪ್ಪಿಗೆ ಪಡೆದಿರು.

ಮೇಲ್ವಿಚಾರಣೆಯ ವಿಷಯದಲ್ಲಿ ನಮ್ಮ ಹುಡುಗರಿಗೆ ಒಂದು ಅಭ್ಯಾಸ ಬಿಡುವುದು ಕಷ್ಟ. ಸಾಹೇಬರು ಗಡಿಬಿಡಿಯಲ್ಲಿದ್ದಾರೆ, ತೊಂದರೆ ಕೊಡುವುದು ಬೇಡ ಎಂದು ಎಲ್ಲ ಮುಗಿಸಿ ಕೊನೆಗೆ ಸಹಿಗೆ ಇಡುತ್ತೇವೆ. ಅಲ್ಲಿ ಅದು ವಿನಯ. ಇಲ್ಲಿ ಅದು ಸಹಿ ಹಾಕುವವರನ್ನು ಕಾನೂನಿನ ತೊಡಕಿಗೆ ನೂಕಿದ ಹಾಗೆ. ನೇರ ಮೇಲ್ವಿಚಾರಣೆ ಅಂದರೆ ಅವರಿಗೆ ಕೆಲಸ ನಡೆಯುತ್ತಿರುವಾಗಲೇ ಗೊತ್ತಿರಬೇಕು, ದಾರಿ ಅವರು ತೋರಿಸಿರಬೇಕು, ಪೂರ್ತಿ ಹೊಣೆ ಅವರು ಹೊರಬೇಕು. ಮುಗಿದ ಹಾಳೆಯ ಮೇಲೆ ಒತ್ತುವ ಸೀಲು ಮೇಲ್ವಿಚಾರಣೆ ಅಲ್ಲ. ಕಾನ್ಸೆಪ್ಟ್ ಹಂತದಲ್ಲಿ ಒಮ್ಮೆ, ಮಣ್ಣಿನ ವರದಿ ಬಂದ ಮೇಲೆ ಒಮ್ಮೆ, ಡ್ರಾಯಿಂಗ್ ಹೊರಗೆ ಹೋಗುವ ಮುಂಚೆ ಒಮ್ಮೆ ಅವರ ಮೇಜಿಗೆ ಹೋಗು. "ನನಗೆ ಇಷ್ಟು ಗೊತ್ತು, ಇದು ಗೊತ್ತಿಲ್ಲ" ಎಂದು ಬಾಯಿಬಿಟ್ಟು ಹೇಳು. ಮೀಟಿಂಗಿನಲ್ಲಿ ಸುಮ್ಮನೆ ಕೂತರೆ ಒಪ್ಪಿದ ಹಾಗೆಂದೇ ಬರೆದುಕೊಳ್ಳುತ್ತಾರೆ.

ಸಿಪಿಡಿ ಅಷ್ಟು ಹೆದರುವಂಥದ್ದಲ್ಲ. ಮೂರು ವರ್ಷಕ್ಕೆ 150 ಗಂಟೆ, ಅಂದರೆ ವಾರಕ್ಕೆ ಸುಮಾರು ಒಂದು ಗಂಟೆ. ಅದರಲ್ಲಿ ಕನಿಷ್ಠ 50 ನಿನ್ನ ವಿಭಾಗದ್ದು, 10 ಅಪಾಯ ನಿರ್ವಹಣೆ, 15 ವ್ಯವಹಾರ ಮತ್ತು ಮ್ಯಾನೇಜ್‌ಮೆಂಟ್ ಇರಬೇಕು. ಎಡವುವುದು ಸಾಮಾನ್ಯವಾಗಿ 10 ಮತ್ತು 15ರಲ್ಲೇ. ಕಾಂಕ್ರೀಟ್ ವೆಬಿನಾರ್ ನೂರು ಗಂಟೆ ಕೇಳಿರುತ್ತಾರೆ, ರಿಸ್ಕ್ ಖಾನೆ ಖಾಲಿ. ಡಿಸೈನ್ ಹಂತದ ಸುರಕ್ಷತೆಯ ಕಾರ್ಯಾಗಾರ ಒಂದಕ್ಕೆ ಹೋದರೆ ರಿಸ್ಕ್ ಖಾನೆಗೆ ಅರ್ಧಕ್ಕೂ ಹೆಚ್ಚು ಬಂತು. ಎಎಸ್ 4000 ಎಂಬ ಸಿದ್ಧ ಮಾದರಿಯ ಕಾಂಟ್ರ್ಯಾಕ್ಟ್ ಬಗ್ಗೆ ಎರಡು ದಿನದ ಕೋರ್ಸ್ ಮಾಡಿದರೆ ವ್ಯವಹಾರದ ಖಾನೆ ಬಹುಪಾಲು ತುಂಬುತ್ತದೆ, ಬಿಲ್ಲು ಬಾಕಿ ಉಳಿದಾಗ ಉಪಯೋಗಕ್ಕೂ ಬರುತ್ತದೆ. ದಿನನಿತ್ಯದ ಕೆಲಸವನ್ನು, ಕಾರಿನಲ್ಲಿ ಕೂತ ಹೊತ್ತನ್ನು ಗಂಟೆಯೆಂದು ಬರೆಯಬೇಡ. ಪ್ರತಿ ಸಾಲಿಗೆ ದಿನಾಂಕ, ವಿಷಯ, ನಡೆಸಿದವರು, ಖಾನೆ, ಕಲಿತದ್ದು ಒಂದು ವಾಕ್ಯ. ಪ್ರಮಾಣಪತ್ರವನ್ನೋ ಹಾಜರಿಯ ಇಮೇಲನ್ನೋ ಅದೇ ದಿನ ಫೋಲ್ಡರಿಗೆ ಹಾಕು. ಮೂರನೆಯ ವರ್ಷದ ಕೊನೆಗೆ ನೆನಪಿನಿಂದ ತುಂಬುವ ಪಟ್ಟಿ ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ಆದರೆ ಬರೀ ವೆಬಿನಾರ್‌ನಲ್ಲೇ 150 ತುಂಬಿಸುವವರನ್ನು ಕಂಡರೆ ನನಗೆ ಸಿಟ್ಟು. ಮೇಲೆ ಹೇಳಿದ ಸಾಕ್ಷಿಗಳು ಲ್ಯಾಪ್‌ಟಾಪಿನಲ್ಲಿ ಹುಟ್ಟುವುದಿಲ್ಲ. ಎಂಜಿನಿಯರ್ಸ್ ಆಸ್ಟ್ರೇಲಿಯಾದ ಪ್ರಾದೇಶಿಕ ಗುಂಪಿನ ಸಂಜೆಯ ಉಪನ್ಯಾಸಕ್ಕೆ, ಸಾರ್ವಜನಿಕ ಕಾಮಗಾರಿ ಎಂಜಿನಿಯರ್‌ಗಳ ಸಂಸ್ಥೆಯಾದ ಐಪಿಡಬ್ಲ್ಯುಇಎಕ್ಯೂದ ಶಾಖಾ ಸಭೆಗೆ ಹೋಗು. ಕೌನ್ಸಿಲ್‌ನವರು, ರಾಜ್ಯದ ರಸ್ತೆ ಇಲಾಖೆಯವರು, ಮಣ್ಣು ಪರೀಕ್ಷೆಯವರು, ಕಂಟ್ರ್ಯಾಕ್ಟರ್‌ಗಳು ಎಲ್ಲರೂ ಒಂದೇ ಕೋಣೆಯಲ್ಲಿ ಸಿಗುವುದು ಸಣ್ಣ ಊರಿನ ಭಾಗ್ಯ. ದೊಡ್ಡ ನಗರದಲ್ಲಿ ಅವರನ್ನು ಕಾಣಲು ಅಪಾಯಿಂಟ್‌ಮೆಂಟ್ ಬೇಕು. ಹೊಸಬ ಎಂದು ಹಿಂದಿನ ಸಾಲಿನಲ್ಲಿ ಕೂತು, ಊಟದ ಹೊತ್ತಿಗೆ ಜಾರಿಕೊಳ್ಳಬೇಡ. ಬಿಯರ್ ಕುಡಿಯದಿದ್ದರೆ ನಿಂಬೆ ಸೋಡ ಹಿಡಿದು ನಿಲ್ಲು, ಯಾರೂ ಕೇಳುವುದಿಲ್ಲ. ಭಾಷಣಕ್ಕೆ ಒಂದು ಪ್ರಶ್ನೆ ಕೇಳು. ಸಮಿತಿಗೆ ಕೈ ಬೇಕಿದ್ದರೆ ಕಾರ್ಯದರ್ಶಿಯ ಕೆಲಸ ಕೇಳಿ ಪಡೆ. ಯಾರೂ ಬೇಡ ಎನ್ನುವ ಆ ಕೆಲಸದಲ್ಲಿ ಊರಿನ ಎಲ್ಲ ಹಿರಿಯ ಎಂಜಿನಿಯರ್‌ಗಳ ಫೋನ್ ನಂಬರ್ ತಾನಾಗಿ ನಿನ್ನ ಹತ್ತಿರ ಬರುತ್ತದೆ. ನಿನ್ನ ಆಫೀಸಿನ ಹೊರಗೆ ನಿನ್ನ ಕೆಲಸದ ಮಟ್ಟ ಬಲ್ಲ ಇಬ್ಬರಾದರೂ ಆರ್‌ಪಿಇಕ್ಯೂಗಳು ಇರಬೇಕು, ಮಾಲೀಕರ ಒಪ್ಪಿಗೆಯೊಂದಿಗೆ. ಬ್ರಿಸ್ಬೇನ್‌ನ ಸಂಜೆ ಕಾರ್ಯಕ್ರಮಗಳಿಗೆ ಅಪರೂಪಕ್ಕೆ ಹೋಗು. ಒಂದು ದಿಕ್ಕಿಗೆ ಹೆಚ್ಚುಕಡಿಮೆ 130 ಕಿಲೋಮೀಟರ್, ವಾಪಸು ಬರುವಾಗ ಕತ್ತಲು, ಘಾಟಿಯಲ್ಲಿ ಮಂಜು, ರಸ್ತೆಗೆ ಹಾರುವ ಕಾಂಗರೂ. ರೆಕಾರ್ಡಿಂಗ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸು.

ಇನ್ನು ನೀನು ಕೇಳದೇ ಇದ್ದದ್ದು, ನಾನು ಹೆಮ್ಮೆಯಿಂದ ಹೇಳುವುದು. ಬಂದ ಹೊಸದರಲ್ಲಿ ಊರಾಚೆಯ ಸೈಟಿನಲ್ಲಿ ಬಿರುಕು ಬಿಟ್ಟ ಕರಿ ನೆಲ ನೋಡಿ ನನಗೆ ನವಲಗುಂದದ ಹೊಲವೇ ಕಂಡ ಹಾಗಾಗಿತ್ತು. ಟೂವುಂಬಾ ನಗರದ ಬಹುಭಾಗ ಬಸಾಲ್ಟ್ ಕಲ್ಲು ಸವೆದು ಆದ ಕೆಂಪು ಮಣ್ಣು, ಪಡುವಣಕ್ಕೆ ಇಳಿದರೆ ನಮ್ಮ ಎರೆಮಣ್ಣೇ. ಅದು ಮಳೆಗೆ ಉಬ್ಬುವುದು, ಒಣಗಿದರೆ ಕುಗ್ಗುವುದು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಲೆಕ್ಕದ ದಾರಿ ಮಾತ್ರ ಬೇರೆ. ಅಲ್ಲಿ ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎನ್ನುವ ಫ್ರೀ ಸ್ವೆಲ್ ಇಂಡೆಕ್ಸ್ ನೋಡಿ, ಎರೆ ತೆಗೆದು ಗರಸು ತುಂಬುತ್ತೇವೆ ಅಥವಾ ಬುಡ ಅಗಲವಾದ ಅಂಡರ್-ರೀಮ್ಡ್ ಪೈಲ್ ಇಳಿಸುತ್ತೇವೆ. ಇಲ್ಲಿ ಮನೆಗಳ ಅಡಿಪಾಯಕ್ಕೆ ಎಎಸ್ 2870 ಎಂಬ ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್. ಶ್ರಿಂಕ್-ಸ್ವೆಲ್ ಇಂಡೆಕ್ಸ್‌ನಿಂದ ನೆಲದ ಮೇಲ್ಮೈ ಎಷ್ಟು ಮಿಲಿಮೀಟರ್ ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ ಸೈಟಿಗೆ ದರ್ಜೆ ಕೊಡುತ್ತಾರೆ: 20ರಿಂದ 40 ಆದರೆ ಎಂ, 60ರವರೆಗೆ ಎಚ್1, 75ರವರೆಗೆ ಎಚ್2, ಅದಕ್ಕೂ ಮೇಲೆ ಇ. ದರ್ಜೆಗೆ ತಕ್ಕಂತೆ ಬೀಮು ಕೊಟ್ಟು ಗಟ್ಟಿ ಮಾಡಿದ ರಾಫ್ಟ್, ಅಂದರೆ ಮನೆಯಡಿ ಪೂರ್ತಿ ಹಾಸುವ ಕಾಂಕ್ರೀಟ್ ಅಡಿಪಾಯ, ಹಾಕುತ್ತಾರೆ. ಕೆಡುವುದು ಹೆಚ್ಚಾಗಿ ಲೆಕ್ಕದಲ್ಲಿ ಅಲ್ಲ: ಗೋಡೆಯ ಪಕ್ಕ ನೆಟ್ಟ ಮರ ಒಂದು ಮೂಲೆಯನ್ನು ಒಣಗಿಸುತ್ತದೆ, ಸೋರುವ ಪೈಪು ಇನ್ನೊಂದು ಮೂಲೆಯನ್ನು ಉಬ್ಬಿಸುತ್ತದೆ, ಮಧ್ಯದ ಗೋಡೆ ಸೀಳುತ್ತದೆ. ಕಾಂಕ್ರೀಟಿನಲ್ಲೂ ಮೈಮರೆಯಬೇಡ. ಇಲ್ಲಿಯ ಎನ್32 ದರ್ಜೆಯನ್ನು ಸಿಲಿಂಡರ್ ಆಕಾರದ ಮಾದರಿ ಒತ್ತಿ ಅಳೆಯುತ್ತಾರೆ, ನಮ್ಮ ಎಂ30ನ್ನು ಕ್ಯೂಬ್ ಒತ್ತಿ. ಎನ್32 ನಮ್ಮ ಎಂ40ರ ಹತ್ತಿರ ಬರುತ್ತದೆ.

ಒಂದೆರಡು ವರ್ಷವಾದ ಮೇಲೆ ಗುಂಪಿನಲ್ಲಿ ಉತ್ತರ ಕರ್ನಾಟಕದ ಎರೆಮಣ್ಣಿನ ಬಗ್ಗೆ ನಲವತ್ತು ನಿಮಿಷ ಮಾತಾಡು. ಉಪನ್ಯಾಸ ತಯಾರಿಸಿದ್ದೂ ಸಿಪಿಡಿಗೆ ಬರುತ್ತದೆ. ನನ್ನ ಕೊರಗು ಬೇರೆ: ಈ ಊರು ಮೊದಲು ಜೌಗು ನೆಲದ ಹೆಸರಿನಿಂದಲೇ ಕರೆಸಿಕೊಂಡ ಊರು, 2011ರ ಜನವರಿಯಲ್ಲಿ ನಡುಪೇಟೆಯಲ್ಲೇ ಪ್ರವಾಹ ನುಗ್ಗಿದ ಊರು. ಎಲ್ಲಿ ಹಳೆಯ ಒರತೆ, ಎಲ್ಲಿ ತುಂಬಿದ ಕ್ವಾರಿ ಎಂದು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ, ಕೂತು ಬರೆದುಕೊಂಡವರು ಕಡಿಮೆ. ನೀನು ಕೇಳಿ ಬರೆದುಕೋ. ಕಾಫಿಗೆ ಕರೆದರೆ ಅವರು ಬರುತ್ತಾರೆ.

ಹೊರಡುವ ಮೊದಲು ಬೆಂಗಳೂರಿನಲ್ಲೇ ಮುಗಿಸಬೇಕಾದ್ದು: ಹಳೆಯ ಆಫೀಸಿನ ಲೆಟರ್‌ಹೆಡ್‌ನಲ್ಲಿ ಹುದ್ದೆ, ತಾರೀಕು, ವಾರದ ಗಂಟೆ, ನೀನೇ ಮಾಡಿದ ಕೆಲಸದ ವಿವರ ಇರುವ ಪತ್ರ. ಪ್ರತಿ ದೊಡ್ಡ ಪ್ರಾಜೆಕ್ಟಿಗೆ ಒಂದು ಪುಟದ ವಿವರ, ಅದಕ್ಕೆ ಮೇಲಧಿಕಾರಿಯ ಸಹಿ ಮತ್ತು ಅವರ ಖಾಸಗಿ ಇಮೇಲ್ (ಕಂಪನಿ ಇಮೇಲ್ ಅವರು ಕೆಲಸ ಬಿಟ್ಟ ದಿನವೇ ಸಾಯುತ್ತದೆ). ವಿಶ್ವವಿದ್ಯಾಲಯದಿಂದ ಎಲ್ಲ ಸೆಮಿಸ್ಟರಿನ ಅಂಕಪಟ್ಟಿಯ ಮುಚ್ಚಿದ ಲಕೋಟೆ ಎರಡು ಸೆಟ್. ಇಲ್ಲಿಗೆ ಬಂದ ವಾರವೇ ಸೈಟಿಗೆ ಕಾಲಿಡಲು ಬೇಕಾದ ವೈಟ್ ಕಾರ್ಡ್ ಮಾಡಿಸು. ಬೂಟನ್ನು ಅಲ್ಲಿಂದ ತರಬೇಡ, ಇಲ್ಲಿಯ ಸುರಕ್ಷತಾ ಗುರುತು ಇಲ್ಲದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಸೂಟ್‌ಕೇಸಿನ ಆ ಜಾಗಕ್ಕೆ ಶೇಂಗಾ ಚಟ್ನಿಪುಡಿ ಇಡು, ಕಸ್ಟಮ್ಸ್ ಕಾರ್ಡಿನಲ್ಲಿ ತಿಂಡಿ ಇದೆ ಎಂದು ಬರೆದು ತೋರಿಸು.